ಮಾತಾಡಿಸಲು ಹೊರಟ ಕಂಪ್ಲಿ ಅತ್ತೆ

ಕಂಪ್ಲಿ ಅತ್ತೆಯ ಕಿವಿಯ ಮೇಲ್ತುದಿಯಲ್ಲಿದ್ದ ಬುಗುಡಿ ಯಾವಾಗಲೂ ಒಂದು ಕಡೆಗೆ ವಾಲಿರುತ್ತಿತ್ತು. ಫೋನನ್ನು ಒತ್ತಿ ಒತ್ತಿ ಹಿಡಿದು ಆ ಚಿನ್ನದ ಗುಂಡು ಕಿವಿಯ ಅಂಚಿನ ಮೇಲೆ ಮಲಗಿಬಿಟ್ಟಿತ್ತು. ಅದರ ಕೆಳಗಿನ ಚರ್ಮದಲ್ಲಿ ಒಂದು ಸಣ್ಣ ಕುಳಿ ಬಿದ್ದಿತ್ತು. ಎಡಗಿವಿ. ಇಷ್ಟು ಬರೆದು ತಂಗಿಗೆ ಫೋನ್ ಮಾಡಿ ಕೇಳಿದೆ. “ಬಲಗಿವಿ ಅಲ್ಲೇನೋ?” ಎಂದಳು. ನನ್ನ ಬಳಿ ಇರುವ ಫೋಟೊ ತೆಗೆದು ನೋಡಿದೆ. ಎಡಗಿವಿಯೇ! ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅದು ಸೆಲ್ಫಿ ಎಂಬುದು ಹೊಳೆಯಿತು. ಸೆಲ್ಫಿಯಲ್ಲಿ ಎಡ ಬಲವಾಗುತ್ತದೆ, ಕೆಲವು ಫೋನುಗಳಲ್ಲಿ ಆಗುವುದಿಲ್ಲ, ಮತ್ತು ಅದನ್ನು ಯಾರ ಫೋನಿನಲ್ಲಿ ತೆಗೆದದ್ದು ಎಂದು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ನಾನು ಇತಿಹಾಸ ಓದಿದವನು. ಹೊಸಪೇಟೆಯ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಆಕರವಿಲ್ಲದೆ ಏನನ್ನೂ ನಂಬಬೇಡಿ, ಒಬ್ಬನೇ ಒಬ್ಬ ಹೇಳಿದ್ದನ್ನು ಸತ್ಯವೆಂದು ಬರೆದುಕೊಳ್ಳಬೇಡಿ ಎಂದು ವರ್ಷವಿಡೀ ಹುಡುಗರ ತಲೆ ತಿನ್ನುತ್ತೇನೆ. ಈಗ ಅತ್ತೆಯ ಬಗ್ಗೆ ಬರೆಯಲು ಕುಳಿತರೆ ನನಗೆ ಸಿಕ್ಕಿರುವ ಸಾಕ್ಷಿ ನಾನೊಬ್ಬನೇ. ಅವನಿಗೋ ಎಡ ಯಾವುದು ಬಲ ಯಾವುದು ಎಂಬುದೇ ಖಾತ್ರಿಯಿಲ್ಲ. ಆದರೂ ಬರೆಯದೆ ಇರಲಾಗುತ್ತಿಲ್ಲ. ಎರಡು ದಿನದಿಂದ ಕುಳಿತಲ್ಲಿ ಕೂರಲಾಗದೆ ಮನೆಯೊಳಗೆ ಓಡಾಡುತ್ತಿದ್ದೇನೆ. ಅಷ್ಟು ಒಳ್ಳೆಯ ಕಥೆ ಇದು!

ಅವಳು ಅಪ್ಪನ ಅಕ್ಕ. ಅವಳ ಕೆಳಗೆ ಅಪ್ಪ, ಅಪ್ಪನ ಕೆಳಗೆ ಚಿಕ್ಕಪ್ಪ, ಇವರು ಮೂವರೇ ಒಡಹುಟ್ಟಿದವರು. ಅತ್ತೆಯನ್ನು ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಗೆ ಕೊಟ್ಟಿದ್ದರಿಂದ ಅವಳು ಕಂಪ್ಲಿ ಅತ್ತೆ. ದೋಣಿಮಲೈ ಗಣಿಯಲ್ಲಿ ಕೆಲಸಕ್ಕಿದ್ದು ಅಲ್ಲಿಯೇ ಕ್ವಾರ್ಟರ್ಸಿನಲ್ಲಿದ್ದವನು ದೋಣಿಮಲೈ ಚಿಕ್ಕಪ್ಪ. ನಾವು ಹೊಸಪೇಟೆಯವರು. ನಮ್ಮ ಬಳಗದಲ್ಲಿ ಯಾರಿಗೂ ಹೆಸರು ಬೇಕಾಗುತ್ತಿರಲಿಲ್ಲ, ಊರು ಸಾಕಾಗುತ್ತಿತ್ತು.

ಅತ್ತೆಗೆ ಒಂದು ಕಸುಬಿತ್ತು. ಮಾತಾಡಿಸುವುದು. ನಮ್ಮ ಕಡೆ ಒಬ್ಬರ ಮನೆಯಲ್ಲಿ ಜಡ್ಡಾದರೆ, ಸಾವಾದರೆ, ನೌಕರಿ ಹೋದರೆ, ಮಗಳು ತವರಿಗೆ ಬಂದು ಕುಳಿತರೆ ಬಳಗದವರು ಹೋಗಿ ಮಾತಾಡಿಸಿಕೊಂಡು ಬರಬೇಕು. ಹೋದವರು ಮಾತಾಡುವುದು ಅಲ್ಲಿ ಮುಖ್ಯವಲ್ಲ, ಆ ಮನೆಯವರ ಬಾಯಿಂದ ಮಾತು ಹೊರಡಬೇಕು. ಎಲ್ಲರೂ ಇದನ್ನು ಒಂದು ಕಪ್ ಚಹಾದಲ್ಲಿ ಮುಗಿಸಿ ಬಸ್ಸು ಹಿಡಿಯುತ್ತಿದ್ದರು. ಅತ್ತೆ ಹಾಗಲ್ಲ. ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ಕುಳಿತಳೆಂದರೆ ಆ ಮನೆಯವರು ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿ ಮುಗಿಸುವವರೆಗೆ ಏಳುತ್ತಿರಲಿಲ್ಲ. “ಹೇಳ್ರಲೇ, ಒಳಗ ಇಟ್ಕಂಡು ಏನ್ ಹಪ್ಪಳ ಒಣಗಸ್ತೀರೇನು?” ಎನ್ನುತ್ತಿದ್ದಳು.

ಹೋಗುವಾಗ ಅವಳ ವೈರ್ ಬುಟ್ಟಿಯಲ್ಲಿ ಏನಿರಬೇಕು ಎಂಬುದಕ್ಕೂ ನಿಯಮವಿತ್ತು. ಜಡ್ಡಿನವರಿಗೆ ಬ್ರೆಡ್ಡು, ಮೋಸಂಬಿ. ಅದು ಎಲ್ಲರೂ ಒಯ್ಯುವಂಥದ್ದೇ. ಪರೀಕ್ಷೆಯಲ್ಲಿ ಬಿದ್ದವರಿಗೆ, ಕೆಲಸ ತಪ್ಪಿದವರಿಗೆ, ಹೆಣ್ಣು ನೋಡಲು ಹೋಗಿ ಒಲ್ಲೆ ಅನ್ನಿಸಿಕೊಂಡವರಿಗೆ ಬಿಸಿ ಮಿರ್ಚಿ ಬಜ್ಜಿ ಮತ್ತು ಮಂಡಕ್ಕಿ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, “ಕಣ್ಣಾಗ ನೀರು ಬಂದ್ರ ಮೆಣಸಿನಕಾಯಿ ಖಾರಕ್ಕ ಬಂತು ಅನ್ನಾಕ ಬರ್ತೈತಿ, ಅದಕ್ಕ” ಎಂದಳು. ಸಂತೋಷದ ಸುದ್ದಿ ಇದ್ದ ಮನೆಗೆ ಮಾತ್ರ ಬರಿಗೈ. “ಹಿಗ್ಗು ಅವ್ರ ಮನ್ಯಾಗ ಐತಿ. ಅವ್ರು ತಿನ್ನಿಸ್ಬೇಕು, ನಾವ್ಯಾಕ ಒಯ್ಯೋಣು?”

ಬಳಗದವರೆಲ್ಲ ಸೇರಿ ವಾಟ್ಸಾಪ್ ಗುಂಪು ಮಾಡಿದ ಮೇಲೆ ಅತ್ತೆಗೆ ರೆಕ್ಕೆ ಬಂದವು. ಅವಳಿಗೆ ಬೆರಳಲ್ಲಿ ಅಕ್ಷರ ಒತ್ತುವುದು ಒಗ್ಗಲಿಲ್ಲ. ಧ್ವನಿ ಕಳಿಸುವುದನ್ನು ಯಾರೋ ತೋರಿಸಿಕೊಟ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು. ಮೊದಲು ಬಳೆಯ ಸದ್ದು, ಆಮೇಲೆ ಕೆಮ್ಮು, ಆಮೇಲೆ “ಹಲೋ... ಕೇಳಸ್ತೈತಾ?”

ಉತ್ತರಕ್ಕಾಗಿ ಒಂದು ಗಳಿಗೆ ಕಾಯುತ್ತಿದ್ದಳು! ಅದು ಫೋನ್ ಕರೆಯಲ್ಲ, ಆ ಕಡೆ ಯಾರೂ ಇಲ್ಲ ಎಂದು ಎಷ್ಟು ಹೇಳಿದರೂ ಕಾಯುವುದನ್ನು ಬಿಡಲಿಲ್ಲ. “ಇವತ್ತ ನಮ್ ಮಿಕ್ಸರ್ ಸುಟ್ಟೋತು... ಹ್ಞಾಂ, ಹೊಗೀನ ಬಂತು. ಚಟ್ನಿ ಒಳ್ಳಾಗ ಕುಟ್ಟೀನಿ. ಏನ್ ರುಚಿ ಆಗೇತಿ ಅಂತಿ! ಮಿಕ್ಸರ್ ಇದ್ದಿದ್ರ ಈ ರುಚಿ ಎಲ್ಲಿ ಬರ್ತಿತ್ತು? ...ಹ್ಞೂಂ, ಅದ ಮತ್ತ.” ನಡುನಡುವೆ ನಾವು ಹ್ಞೂಂಗುಟ್ಟಲೆಂದು ಬಿಟ್ಟ ಜಾಗ. ತಮಾಷೆಯೆಂದರೆ, ಸ್ವಲ್ಪ ದಿನದಲ್ಲಿ ನಾವೆಲ್ಲ ನಿಜವಾಗಿಯೂ ಹ್ಞೂಂಗುಟ್ಟತೊಡಗಿದೆವು. ಅವ್ವ ರೊಟ್ಟಿ ಬಡಿಯುತ್ತ, ಹಿಟ್ಟಿನ ಕೈ ಫೋನಿಗೆ ತಾಗದಂತೆ ಬಗ್ಗಿ, “ಹೌದೇನ್ರಿ ವೈನಿ?” ಎನ್ನುತ್ತಿದ್ದಳು. ಅದಕ್ಕೆ ಸರಿಯಾಗಿ ಆ ಕಡೆಯಿಂದ “ಹೌದು ಮತ್ತ!” ಎಂದು ಬರುತ್ತಿತ್ತು.

ಅಧ್ಯಾಪಕರ ಅರ್ಹತಾ ಪರೀಕ್ಷೆಯಲ್ಲಿ ನಾನು ಎರಡನೆಯ ಸಲ ಬಿದ್ದಾಗಿನ ಮಾತು. ಆಗ ಕಾಲೇಜಿನಲ್ಲಿ ನನ್ನದು ಇನ್ನೂ ಅತಿಥಿ ಉಪನ್ಯಾಸಕನ ಕೆಲಸ. ಯಾರಿಗೂ ಹೇಳಲಿಲ್ಲ. ಹುಡುಗರನ್ನು ಹಂಪಿಗೆ ಕರೆದುಕೊಂಡು ಹೋಗುವುದಿದೆ ಎಂದು ಸುಳ್ಳು ಹೇಳಿ, ಒಬ್ಬನೇ ಹೋಗಿ ಹೊಳೆಯ ದಂಡೆಯ ಬಂಡೆಯ ಮೇಲೆ ಕುಳಿತೆ. ಮಧ್ಯಾಹ್ನದ ಬಿಸಿಲು. ಬೆನ್ನ ಹಿಂದೆ ಬಳೆಯ ಸದ್ದಾಯಿತು. ತಿರುಗಿದರೆ ಅತ್ತೆ, ಸೀರೆಯ ನೆರಿಗೆ ಎತ್ತಿ ಹಿಡಿದು, ಬಂಡೆಯಿಂದ ಬಂಡೆಗೆ ಕಾಲಿಡುತ್ತ ಬರುತ್ತಿದ್ದಳು. ಇಳಕಲ್ ಸೀರೆ ಉಟ್ಟಿದ್ದಳು ಎಂದು ನನ್ನ ನೆನಪು. ಆದರೆ ಅತ್ತೆ ನೆನಪಾದಾಗಲೆಲ್ಲ ಅವಳಿಗೆ ನಾನು ಅದೇ ಸೀರೆ ಉಡಿಸುತ್ತೇನೆ, ಹಾಗಾಗಿ ಈ ಮಾತನ್ನು ನಂಬಬೇಡಿ. ನಾನು ಅಲ್ಲಿದ್ದದ್ದು ಅವಳಿಗೆ ಹೇಗೆ ತಿಳಿಯಿತು ಎಂಬುದಕ್ಕೂ ನಮ್ಮ ಮನೆಯಲ್ಲಿ ಎರಡು ಕಥೆಗಳಿವೆ. ತಂಗಿ ನನ್ನ ಫಲಿತಾಂಶ ಕದ್ದು ನೋಡಿ ಅವಳಿಗೆ ಹೇಳಿದಳು ಎನ್ನುವುದು ಒಂದು. ಕಡ್ಡಿರಾಂಪುರದಲ್ಲಿ ಬಸ್ಸು ಹತ್ತಿದ ನಮ್ಮ ಓಣಿಯವರೊಬ್ಬರು ನನ್ನ ಮುಖ ನೋಡಿಯೇ ಅವಳಿಗೆ ಫೋನ್ ಮಾಡಿದರು ಎನ್ನುವುದು ಇನ್ನೊಂದು.

ಅವಳು ಪಕ್ಕದಲ್ಲಿ ಕುಳಿತು ಎಣ್ಣೆ ಹೀರಿದ ಕಾಗದದ ಪೊಟ್ಟಣ ಬಿಚ್ಚಿದಳು.

“ಎಷ್ಟರಾಗ ಹೋತೋ ಅಳಿಯಾ?”

“ಸ್ವಲ್ಪದರಾಗ.”

“ಹಂಗಾರ ಸ್ವಲ್ಪ ಅತ್ತುಬಿಡು. ಭಾಳ ಬ್ಯಾಡ, ಮಿರ್ಚಿ ಆರ್ತಾವು.”

ನಗು ಬಂತು. ಅದರ ಹಿಂದೆಯೇ ಇನ್ನೊಂದೂ ಬಂತು. ಅವಳು ನನ್ನ ಕಡೆ ನೋಡದೆ, ಹೊಳೆಯಾಚೆಯ ಕಲ್ಲಿನ ಮಂಟಪಗಳನ್ನು ನೋಡುತ್ತ ಮಂಡಕ್ಕಿ ಮುಕ್ಕಿದಳು. “ಇಷ್ಟು ದೊಡ್ಡ ಊರು ಹಾಳಾಗಿ ಕುಂತೈತಿ. ಇದನ್ನ ನೋಡಾಕ ಮಂದಿ ವಿಮಾನ ಹತ್ತಿ ಬರ್ತಾರ. ನೀ ಒಂದ್ ಪರೀಕ್ಷ್ಯಾಗ ಬಿದ್ದಿದ್ದಕ್ಕ ಮಾರಿ ಮುಚ್ಕಂಡು ಕುಂತಿ. ನಾಚ್ಕಿ ಇಲ್ಲೇನ್ಲೇ ಈ ಕಲ್ಲಿಗೆ?”

ಅಲ್ಲಿಗೆ ಮುಗಿದಿದ್ದರೆ ಅವಳು ಬರೀ ಒಳ್ಳೆಯ ಅತ್ತೆಯಾಗಿರುತ್ತಿದ್ದಳು. ನಾನು ಕೈ ತೊಳೆಯಲು ನೀರಿಗೆ ಇಳಿದಾಗ ಅವಳು ಫೋನ್ ತೆಗೆದು ಇಡೀ ಬಳಗಕ್ಕೆ ಧ್ವನಿ ಕಳಿಸಿಬಿಟ್ಟಿದ್ದಳು. “ಹಲೋ... ಕೇಳಸ್ತೈತಾ? ನಮ್ಮ ಅಳಿಯ ಪರೀಕ್ಷ್ಯಾಗ ಡುಮ್ಕಿ ಹೊಡದಾನ. ಎಲ್ಲಾರೂ ಒಂದೊಂದ್ ಫೋನ್ ಮಾಡ್ರಿ. ಬುದ್ಧಿ ಹೇಳಬ್ಯಾಡ್ರಿ, ಅಂವಗ ಬೇಕಾದಷ್ಟು ಐತಿ. ನೀವು ಎಲ್ಲೆಲ್ಲಿ ಡುಮ್ಕಿ ಹೊಡದೀರಿ, ಅದನ್ನ ಹೇಳ್ರಿ.”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳೊಂದಿಗೆ ಮಾತು ಬಿಟ್ಟು ಬೇರೆ ಬಸ್ಸಿನಲ್ಲಿ ಮನೆಗೆ ಹೋದೆ. ಆದರೆ ಫೋನುಗಳು ಶುರುವಾದವು ನೋಡಿ! ಸಂಡೂರಿನ ಒಬ್ಬ ಅಣ್ಣ ಲಾರಿ ಓಡಿಸುವವನು. ಲೈಸೆನ್ಸ್ ಪರೀಕ್ಷೆಯಲ್ಲಿ ಸಾಹೇಬರ ಜೀಪಿಗೇ ಗುದ್ದಿದ್ದನ್ನು ಹೇಳಿದ. ಗಂಗಾವತಿಯ ಒಬ್ಬ ಅಕ್ಕ, ತನ್ನ ಮೊದಲ ಅಂಗಡಿಯ ಉದ್ಘಾಟನೆಗೆ ಬಂದವರು ಎರಡನೆಯ ದಿನ ಬರಲೇ ಇಲ್ಲವೆಂದಳು. ಎಲ್ಲರೂ ಗೆದ್ದವರೇ, ನಾನೊಬ್ಬನೇ ಬಿದ್ದವನು ಎಂದುಕೊಂಡಿದ್ದೆ. ಎರಡು ದಿನದಲ್ಲಿ ನನ್ನ ಬಳಗವೆಲ್ಲ ಬಿದ್ದು ಎದ್ದವರೇ ಎಂದು ತಿಳಿಯಿತು. ಹಗುರವಾಗಿ, ಹಾರಿದಂತೆ ಕಾಲೇಜಿಗೆ ಹೋದೆ.

ದೋಣಿಮಲೈ ಚಿಕ್ಕಪ್ಪನೂ ಫೋನ್ ಮಾಡಿದ. ತನ್ನ ಬಡ್ತಿ ಕೈತಪ್ಪಿದ್ದನ್ನು ಹೇಳಿದ. ಕೊನೆಗೆ ಕೇಳಿದ:

“ನಿಮ್ಮಪ್ಪ ಏನಂದ?”

“ಏನೂ ಅಂದಿಲ್ಲ ಚಿಕ್ಕಪ್ಪ.”

“ಅಂವ ಅನ್ನಂಗಿಲ್ಲ ಬಿಡು,” ಎಂದು ಫೋನ್ ಇಟ್ಟ.

ಆ ಮಾತಿನ ಹಿಂದೆ ಒಂದು ಗಾಯವಿತ್ತು. ನನ್ನಜ್ಜಿ ಹೊಸಪೇಟೆಯಲ್ಲಿ ನಮ್ಮ ಜೊತೆಗಿದ್ದಳು. ಅವಳಿಗೆ ಜ್ವರ ಎದೆಗಿಳಿದು ಆಸ್ಪತ್ರೆಗೆ ಸೇರಿಸಿದಾಗ ಚಿಕ್ಕಪ್ಪನಿಗೆ ಗಣಿಯಲ್ಲಿ ಒಂದರ ಮೇಲೊಂದು ಶಿಫ್ಟು ನಡೆದಿತ್ತು. “ಎರಡು ದಿನದಾಗ ಆರಾಮಾಕ್ಕಾಳ, ಅಂವಗ್ಯಾಕ ತ್ರಾಸು? ಅಕ್ಕಾ, ನೀನೂ ಹೇಳಬ್ಯಾಡ” ಎಂದಿದ್ದ ಅಪ್ಪ. ಅತ್ತೆ ಹೇಳಲಿಲ್ಲ. ಅಜ್ಜಿ ಜೀವಂತವಾಗಿ ಮನೆಗೆ ಮರಳಲಿಲ್ಲ. ಚಿಕ್ಕಪ್ಪ ಬಂದಾಗ ಅವಳನ್ನು ಪಡಸಾಲೆಯಲ್ಲಿ ಕೂರಿಸಿ ಹಾರ ಹಾಕಿ ಆಗಿತ್ತು. ಅವನು ಬಾಗಿಲಲ್ಲಿಯೇ ನಿಂತು ಕೇಳಿದ: “ಅವ್ವ ನಿನಗೊಬ್ಬನಿಗಷ್ಟ ಅವ್ವನ?”

“ನಿನಗ ತ್ರಾಸು ಆಗಬಾರದಂತ...”

“ನನ್ನ ತ್ರಾಸು ನಂದು. ಅದನ್ನ ಉಳಸಾಕ ನೀ ಯಾರು?”

ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಮದುವೆಗಳಲ್ಲಿ ಒಬ್ಬರು ಈ ಪಂಕ್ತಿ, ಒಬ್ಬರು ಆ ಪಂಕ್ತಿ. ಅತ್ತೆ ಎಲ್ಲವನ್ನೂ ಎಲ್ಲರಿಗೂ ಹೇಳುವವಳಾದದ್ದು ಆ ಸಾವಿನ ನಂತರ ಎಂದು ನನ್ನ ನಂಬಿಕೆ. ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡದ್ದಕ್ಕೆ ಪ್ರಾಯಶ್ಚಿತ್ತವಾಗಿ. ತಂಗಿ ಒಪ್ಪುವುದಿಲ್ಲ. “ಅತ್ತಿ ಹುಟ್ಟಿದಾಗಿಂದ ಹಂಗ” ಎನ್ನುತ್ತಾಳೆ. ಇರಬಹುದು. ಆದರೆ ಊರ ಮಂದಿಯನ್ನೆಲ್ಲ ಮಾತಾಡಿಸಿದವಳು ಸ್ವಂತ ತಮ್ಮಂದಿರನ್ನು ಮಾತಾಡಿಸಲಾರದೆ ಸೋತಿದ್ದಳು. ಎರಡೂ ಮನೆಗಳಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ, ದಿನಗಟ್ಟಲೆ ಕುಳಿತು ನೋಡಿದ್ದಳು. ಇಬ್ಬರೂ ಪೇಪರ್ ಓದುತ್ತಿದ್ದರು. “ಇವರಿಬ್ರೂ ಮಾತಾಡಿದ್ದು ಕೇಳ್ಸ್ಕಂಡು ಹೋಕ್ಕೀನಿ ಅಳಿಯಾ, ಅಲ್ಲಿಮಟ ಹೋಗಂಗಿಲ್ಲ” ಎಂದು ನನ್ನ ಬಳಿ ಹೇಳುತ್ತಿದ್ದಳು. ನಗುತ್ತ ಹೇಳುತ್ತಿದ್ದಳು, ಆದರೆ ಅದು ನಗೆಯ ಮಾತಲ್ಲವೆಂದು ನನಗೂ ಗೊತ್ತಿತ್ತು.

ಇನ್ನು ಆ ಬೆಳಿಗ್ಗೆ. ಬಳಗದ ಗುಂಪಿನಲ್ಲಿ ಚಿಕ್ಕಪ್ಪನ ಮಗ ಒಂದು ಫೋಟೊ ಹಾಕಿದ. ಚಿಕ್ಕಪ್ಪನ ಮುಖ, ಕೊರಳಲ್ಲಿ ದಪ್ಪ ಹಾರ, ಕೆಳಗೆ ಜೋಡಿಸಿದ ಎರಡು ಕೈಗಳ ಗುರುತು. ಒಂದಕ್ಷರವೂ ಇಲ್ಲ. ನಮ್ಮ ಗುಂಪಿನಲ್ಲಿ ಮದುವೆಯ ಹಾರ ಜೋಡಿಯಾಗಿ ಬರುತ್ತದೆ. ಒಂಟಿ ಮುಖಕ್ಕೆ ಹಾರ ಬಿತ್ತೆಂದರೆ ಅದಕ್ಕೆ ಒಂದೇ ಅರ್ಥ. ನಾನು ನೋಡುತ್ತಿರುವಂತೆಯೇ ಕೆಳಗೆ ಸಾಲಾಗಿ ಇನ್ನಷ್ಟು ಜೋಡಿಸಿದ ಕೈಗಳು ಬಂದವು. ಅತ್ತೆಯ ಫೋನ್ ಬಂತು.

“ನೋಡಿದೇನ್ಲೇ?”

“ನೋಡಿದೆ ಅತ್ತಿ. ಆದ್ರ ಒಂದ್ ಫೋನ್ ಮಾಡಿ ಖರೇ ಏನು ಅಂತ...”

“ಸತ್ತ ಮನೀಗೆ ಫೋನ್ ಹಚ್ಚಿ ‘ಸತ್ತಾರೇನ್ರಿ’ ಅಂತ ಕೇಳ್ತಾರೇನು? ಏನ್ ಓದಿದ್ಯೋ ನೀನು! ಅಪ್ಪನ್ನ ತಯಾರ್ ಮಾಡು. ಗಾಡಿ ತಗಂಡು ಹೊಂಟೀನಿ.”

ಆದರೂ ಫೋನ್ ಹಚ್ಚಿದೆ. ಚಿಕ್ಕಪ್ಪನದು ಬಂದ್ ಆಗಿತ್ತು. ಚಿಕ್ಕಮ್ಮನದು ಬಾರಿಸಿ ಬಾರಿಸಿ ನಿಂತಿತು. ಅವರ ಮಗನದೂ ಹಾಗೆಯೇ. ಮೂರು ಕಡೆಯಿಂದಲೂ ಮೌನ! ಮೌನವನ್ನು ಸಾಕ್ಷಿಯೆಂದು ಹಿಡಿಯಬಾರದು ಎಂದು ಪಾಠ ಮಾಡುವ ನಾನು ಅಂದು ಹಿಡಿದೆ. ಅಪ್ಪನಿಗೆ ಫೋಟೊ ತೋರಿಸಿದೆ. ಅವನು ಪೇಪರ್ ಮಡಿಸಿಟ್ಟು, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿದ್ದವು. ಅವ್ವ ಬಿಚ್ಚಿ ಮತ್ತೆ ಹಾಕಿದಳು.

ಬಾಡಿಗೆಯ ಕ್ರೂಸರ್ ಗಾಡಿ ಬಂದಾಗ ಅದರಲ್ಲಿ ಅತ್ತೆಯ ಜೊತೆ ಕಂಪ್ಲಿಯ ಅವಳ ಓಣಿಯ ಹೆಂಗಸರು ತುಂಬಿದ್ದರು. ಅತ್ತೆಯ ಸೀರೆ ಒಳಗು ಹೊರಗಾಗಿತ್ತು. “ನೀ ಹಿಂದ ಕುಂದ್ರು” ಎಂದು ಅಪ್ಪನನ್ನು ಹಿಂಬಾಗಿಲಿನಿಂದ ಹತ್ತಿಸಿದಳು. ಸಂಡೂರಿನ ಘಟ್ಟ ಹತ್ತುವಾಗ ಅದಿರಿನ ಲಾರಿಗಳು ಎದುರಾಗಿ ಗಾಡಿಯೊಳಗೆಲ್ಲ ಕೆಂಪು ಧೂಳು. ಅಪ್ಪ ಆ ಧೂಳಿನಲ್ಲಿ ಮಾತು ಶುರುಮಾಡಿದ.

“ಅಕ್ಕಾ, ಅವತ್ತು ನಾ ಅಂವಗ ಹೇಳಬೇಕಿತ್ತು.”

“ಹ್ಞೂಂ.”

“ತ್ರಾಸು ಗೀಸು ಎಲ್ಲಾ ಸುಳ್ಳು. ಅಂವ ಬಂದು ಅವ್ವನ ಮುಂದ ಅತ್ರ ನನಗೂ ತಡಕಳ್ಳಾಕ ಆಗಂಗಿಲ್ಲ ಅಂತ ಹೆದರಿದ್ದೆ. ಅಷ್ಟ. ಅದಕ್ಕ ಹೇಳ್ಲಿಲ್ಲ.”

“ನನಗ್ಯಾಕ ಹೇಳ್ತಿ? ಅಲ್ಲಿ ಹೋಗಿ ಅಂವನ ಮುಂದ ಹೇಳು.”

“ಅಂವ ಇನ್ನ ಎಲ್ಲಿ ಕೇಳ್ತಾನಕ್ಕಾ?”

“ಕೇಳ್ತಾನ. ನೀ ಹೇಳು.”

ಹೋದವರ ಜೀವ ಅಲ್ಲಿಯೇ ಸುತ್ತಮುತ್ತ ಇರುತ್ತದೆ ಎಂಬ ಅರ್ಥದಲ್ಲಿ ಅಂದಳೆಂದು ನಾನು ಆಗ ತಿಳಿದೆ.

ದೋಣಿಮಲೈಯ ಕ್ವಾರ್ಟರ್ಸಿನ ಸಾಲು ಬಂತು. ಚಿಕ್ಕಪ್ಪನ ಮನೆಯ ಮುಂದೆ ಶಾಮಿಯಾನ! ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು! ಇನ್ನೇನು ಅನುಮಾನ? ಗಾಡಿ ಪೂರ್ತಿ ನಿಲ್ಲುವ ಮೊದಲೇ ಹೆಂಗಸರು ಇಳಿದು ಹಾಡಿಕೊಂಡು ಅಳತೊಡಗಿದರು. ಅತ್ತೆ ಮುಂದೆ. “ನನ್ನ ಕಡೇ ತಮ್ಮಾ... ದೋಣಿಮಲೈ ದೊರಿಯೇ... ಯಾರನ್ನ ಕೇಳಿ ಹೋದ್ಯೋ...”

ಬಾಗಿಲು ತೆರೆದು ಚಿಕ್ಕಪ್ಪ ಹೊರಗೆ ಬಂದ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು, ಬಾಯಿ ತುಂಬ ನೊರೆ.

ಅಳು ಕತ್ತರಿಸಿದಂತೆ ನಿಂತಿತು. ಕಣ್ಣು ಮುಚ್ಚಿಕೊಂಡಿದ್ದ ಒಬ್ಬ ಮುದುಕಿ ಮಾತ್ರ ಇನ್ನೂ ಒಂದು ಸಾಲು ಮುಂದುವರಿಸಿದಳು, ಅತ್ತೆ ಅವಳನ್ನು ಚಿವುಟಿದಳು. ಚಿಕ್ಕಪ್ಪ ನಮ್ಮೆಲ್ಲರನ್ನೂ ನೋಡಿದ. ಕೆನ್ನೆ ಒದ್ದೆಯಾದ ಅಕ್ಕ, ಕೆಂಪು ಧೂಳು ಮೆತ್ತಿದ ಹೆಂಗಸರು, ಅವ್ವ, ನಾನು. ಅವನ ಕಣ್ಣು ನನ್ನ ಹಿಂದೆ ಮುಂದೆ ಯಾರನ್ನೋ ಹುಡುಕಿತು. ಕೈಯಿಂದ ಬ್ರಷ್ಷು ಬಿತ್ತು.

“ಅಣ್ಣ...?” ಎಂದ. “ಅಕ್ಕಾ, ಅಣ್ಣ ಯಾವಾಗ...? ಅಯ್ಯೋ, ಈ ಸಲಾನೂ ನನಗ ಯಾರೂ ಹೇಳ್ಲಿಲ್ಲಲ್ಲೋ!”

ನೊರೆ ಮೆತ್ತಿದ ತುಟಿಯಲ್ಲಿ, ಮೆಟ್ಟಿಲ ಮೇಲೆ ಕುಸಿದು, ಅರವತ್ತು ತುಂಬಿದ ಮನುಷ್ಯ ಮಗುವಿನಂತೆ ಅತ್ತ. ಕ್ರೂಸರಿನ ಹಿಂಬಾಗಿಲು ಜಾಮಾಗಿತ್ತು. ಒಳಗಿನಿಂದ ಅಪ್ಪ ಅದನ್ನು ಗುದ್ದುತ್ತಿದ್ದ. ಡ್ರೈವರ್ ಓಡಿ ಹೋಗಿ ತೆರೆದ.

“ಲೇ! ನಾ ಇಲ್ಲೇ ಅದೀನೋ!”

ಚಿಕ್ಕಪ್ಪ ತಲೆ ಎತ್ತಿದ. “ನೀ ಸತ್ತಿಲ್ಲಾ?”

“ನೀ ಸತ್ತಿ ಅಂತ ನಾ ಬಂದೀನಿ!”

“ನಾ ಯಾಕ ಸಾಯ್ಲಿ? ನಿನ್ನಿ ರಿಟೈರ್ ಆಗೀನಿ!”

ಆಮೇಲೆ ಯಾರು ಯಾರ ಕಡೆಗೆ ಮೊದಲು ನಡೆದರು ಎಂಬುದು ನನಗೆ ಗೊತ್ತಿಲ್ಲ. ನನ್ನ ಕಣ್ಣೂ ಆಗ ಸರಿಯಿರಲಿಲ್ಲ. ಅಪ್ಪನ ಅಂಗಿಯ ಹೆಗಲ ಮೇಲೆ ಬಿಳಿ ನೊರೆ ಮೆತ್ತಿದ್ದು ಮಾತ್ರ ಕಾಣುತ್ತಿತ್ತು. ಮತ್ತು ಅಪ್ಪ ಹೇಳಿಯೇಬಿಟ್ಟ, ಎಲ್ಲರ ಮುಂದೆ, ಗಟ್ಟಿಯಾಗಿ.

“ಅವತ್ತು ನಾ ನಿನಗ ಹೇಳಬೇಕಿತ್ತು.”

“ಹೇಳಬೇಕಿತ್ತು.”

“ತಪ್ಪಾತೋ.”

“ಆತು ಬಿಡು. ತಡಿ, ಬಾಯಿ ತೊಳಕಂಡು ಬರ್ತೀನಿ.”

ನಡೆದದ್ದು ಇಷ್ಟೇ. ಹಿಂದಿನ ದಿನ ಚಿಕ್ಕಪ್ಪನ ಬೀಳ್ಕೊಡುಗೆ. ಬಳಗವನ್ನು ಕರೆದರೆ ಅಣ್ಣನನ್ನೂ ಕರೆಯಬೇಕು, ಅದಕ್ಕೆ ಯಾರನ್ನೂ ಕರೆಯದೆ ಗಣಿಯ ಗೆಳೆಯರಷ್ಟೇ ಸೇರಿ ಹಾರ ಹಾಕಿದ್ದರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗ, ಬೆಳಗಿನ ಶಿಫ್ಟಿನ ಬಸ್ಸಿನಲ್ಲಿ ಕುಳಿತು ಆ ಫೋಟೊ ಹಾಕಿ, ಕೈ ಜೋಡಿಸಿ ಎಲ್ಲರ ಹಾರೈಕೆ ಬೇಡಿ, ಫೋನನ್ನು ಲಾಕರಿನಲ್ಲಿಟ್ಟು ಒಳಗೆ ಹೋಗಿದ್ದ. ಚಿಕ್ಕಮ್ಮ ಹಿತ್ತಲಲ್ಲಿ ಸಮಾರಂಭದ ಪಾತ್ರೆ ತಿಕ್ಕುತ್ತಿದ್ದಳು. ಚಿಕ್ಕಪ್ಪ, ಬದುಕಿನಲ್ಲಿ ಮೊದಲ ಬಾರಿ ಯಾವ ಶಿಫ್ಟಿಗೂ ಏಳಬೇಕಿಲ್ಲವೆಂದು ಫೋನ್ ಬಂದ್ ಮಾಡಿ ಹೊತ್ತೇರುವವರೆಗೆ ಮಲಗಿದ್ದ.

ಕಂಪ್ಲಿಯ ಹೆಂಗಸರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. “ಎಮ್ಮಿ ಹಿಂಡಲಾರದ ಬಂದೀನಿ. ಇಲ್ಲಿ ನೋಡಿದ್ರ ಹೆಣಾನ ಇಲ್ಲ!” ಎಂದು ಆ ಮುದುಕಿ ಸಿಡುಕಿದಳು. ಚಿಕ್ಕಪ್ಪ ಕೈ ಮುಗಿದು, “ತಪ್ಪಾತಬೇ ಯಮ್ಮಾ, ಮುಂದಿನ ಸಲ ಹಂಗ ಆಗಂಗಿಲ್ಲ. ಈಗ ಊಟ ಮಾಡ್ಬರ್ರಿ” ಎಂದ. ನಿನ್ನೆಯ ಗೋಧಿ ಹುಗ್ಗಿ ಮಿಕ್ಕಿತ್ತು, ಬದನೆಕಾಯಿ ಪಲ್ಯ ಇತ್ತು. ಸಾಯದವನ ಮನೆಯಲ್ಲಿ ಶಾಮಿಯಾನದ ಕೆಳಗೆ ಸಾಲಾಗಿ ಕುಳಿತು, ಅತ್ತು ಅತ್ತು ಹಸಿದಿದ್ದ ನಾವೆಲ್ಲ ಹೇಗೆ ಉಂಡೆವು! ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ, ಹುಗ್ಗಿಗೆ ತುಪ್ಪ ಕಡಿಮೆಯೋ ಹೆಚ್ಚೋ ಎಂದು ಆಗಲೇ ಜಗಳ ತೆಗೆದಿದ್ದರು. ಅತ್ತೆ ಎದುರಿಗೆ ಕುಳಿತು ಉಣ್ಣದೆ ನೋಡುತ್ತಿದ್ದಳು. “ಜಗಳಾಡ್ರಿ, ಜಗಳಾಡ್ರಿ” ಎಂದಳು. “ಕೇಳಾಕ ಭಾಳ ಚಂದ ಐತಿ.”

ಮರಳುವ ದಾರಿಯಲ್ಲಿ ನನ್ನ ತಲೆಯಲ್ಲಿ ಹುಳು ಹೊಕ್ಕಿತು. ಬಳಗದ ಪ್ರತಿ ಮಗುವಿಗೆ ಹಲ್ಲು ಬಂದ ದಿನವೂ ಗೊತ್ತಿದ್ದ ಅತ್ತೆಗೆ ಸ್ವಂತ ತಮ್ಮನ ನಿವೃತ್ತಿಯ ದಿನ ಗೊತ್ತಿರಲಿಲ್ಲವೇ? ಫೋನ್ ಮಾಡಬೇಡ ಎಂದು ನನ್ನನ್ನು ಯಾಕೆ ತಡೆದಳು? ಅಪ್ಪನನ್ನು ಹಿಂದಿನ ಸೀಟಿನಲ್ಲಿ ಯಾಕೆ ಕೂರಿಸಿದಳು? “ಕೇಳ್ತಾನ, ನೀ ಹೇಳು” ಎಂದದ್ದರ ಅರ್ಥವೇನು? ಇದು ಒಂದು ಕಡೆಯ ವಾದ. ಇನ್ನೊಂದು ಕಡೆ, ಘಟ್ಟದಲ್ಲಿ ನಾನು ಅವಳ ಕೈ ಹಿಡಿದಿದ್ದೆ. ಆ ಕೈ ತಣ್ಣಗಿತ್ತು. ಸೀರೆಯನ್ನು ಬೇಕೆಂದೇ ತಿರುಗಾಮುರುಗಾ ಉಡಬಹುದು. ಕೈಯನ್ನು ಬೇಕೆಂದು ತಣ್ಣಗೆ ಮಾಡಿಕೊಳ್ಳಲು ಬರುವುದಿಲ್ಲ. ಅಥವಾ ಕೈ ತಣ್ಣಗಿತ್ತು ಎಂಬುದನ್ನು ನಾನು ಆಮೇಲೆ ಸೇರಿಸಿಕೊಂಡೆನೇ?

ನೇರವಾಗಿ ಕೇಳಿದೆ. “ಅತ್ತಿ, ನಿನಗ ಮೊದ್ಲ ಗೊತ್ತಿತ್ತಾ? ಎಲ್ಲಾ ಹೇಳ್ತಿಯಲ್ಲ, ಇದೊಂದು ಹೇಳು.”

“ನೀ ಇತಿಹಾಸ ಓದ್ದಾವ. ನೀನ ಹುಡುಕ್ಕ” ಎಂದು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ನಿದ್ದೆ ಬಂದಿತ್ತೋ, ಬಂದಂತೆ ಮಾಡಿದಳೋ ಹೇಳಲಾರೆ. ಆಮೇಲೂ ಹಲವು ಸಲ ಕೇಳಿದೆ. ಪ್ರತಿ ಸಲ ಬೇರೆ ಉತ್ತರ.

ಈ ವರ್ಷದ ಆರಂಭದಲ್ಲಿ ಅತ್ತೆ ಹೋದಳು. ಪರೀಕ್ಷೆಯಲ್ಲಿ ನಾನು ಕೊನೆಗೂ ಪಾಸಾಗಿದ್ದೆ. ಬಳಗಕ್ಕೆಲ್ಲ ಆ ಸುದ್ದಿಯನ್ನು ನಾನೇ ಕೂಗಿ ಹೇಳಿದ್ದೆ. ಹಿಗ್ಗನ್ನಾಗಲಿ ಕುಗ್ಗನ್ನಾಗಲಿ ಒಬ್ಬನೇ ಇಟ್ಟುಕೊಂಡು ಕೂರುವ ರೋಗವನ್ನು ಅವಳು ನನಗೆ ಬಿಡಿಸಿದ್ದಳು. ಈ ಋಣ ಸಣ್ಣದಲ್ಲ. ಅತ್ತೆ ಬರಿಗೈಯಲ್ಲಿ ಬಂದು, ಹೋಳಿಗೆ ತಿಂದು, ಬಾಯಿ ತುಂಬ ಹರಸಿ, ಗೋಡೆಗೆ ಒರಗಿ ಕುಳಿತವಳು ಎದೆ ಹಿಡಿದುಕೊಂಡಳು. ಆಸ್ಪತ್ರೆಗೆ ಒಯ್ದೆವು. ವೈದ್ಯರು ನೋಡುತ್ತೇವೆ ಎಂದು ಅವಳನ್ನು ಒಳಗೆ ಕರೆದುಕೊಂಡು ಹೋದರು. ಮಧ್ಯಾಹ್ನದ ಆ ಹೊತ್ತಿನಲ್ಲಿ ಅಪ್ಪನ ಪಕ್ಕದಲ್ಲಿದ್ದವನು ನಾನೊಬ್ಬನೇ. ನನ್ನ ನೆನಪಿನ ಬಗ್ಗೆ ಇಷ್ಟೆಲ್ಲ ಅನುಮಾನ ಪಟ್ಟವನು ಇದೊಂದನ್ನು ಮಾತ್ರ ಆಣೆ ಮಾಡಿ ಹೇಳುತ್ತೇನೆ. ಅಪ್ಪ ಕುರ್ಚಿಯ ಮೇಲೆ ಕೂರಲೂ ಇಲ್ಲ. ಗೋಡೆಯ ಕಡೆ ತಿರುಗಿ ನಿಂತು ಫೋನ್ ಹಚ್ಚಿದ.

“ಅಕ್ಕಗ ಆರಾಮಿಲ್ಲ. ಇನ್ನೂ ಏನೂ ಆಗಿಲ್ಲೋ. ಏನಾರ ಆಗೋದ್ರೊಳಗ ನಿನಗ ಹೇಳ್ಬೇಕಂತ ಹಚ್ಚೀನಿ.” ಅವನ ದನಿ ಒಡೆಯಿತು. ಈ ಸಲ ಅದನ್ನು ತಡೆಯಲು ಹೋಗಲಿಲ್ಲ. ಗೋಡೆಗೆ ಹಣೆ ಹಚ್ಚಿ, ಫೋನ್ ಹಿಡಿದುಕೊಂಡೇ ಅತ್ತ. ಆ ಕಡೆಯಿಂದ ಚಿಕ್ಕಪ್ಪನೂ ಅಳುವುದು ನನಗೆ ಕೇಳಿಸಿತು.

ಹೊತ್ತು ಮುಳುಗುವ ಮೊದಲೇ ಚಿಕ್ಕಪ್ಪ ಬಂದ. ಅತ್ತೆ ಆ ನಂತರ ಕೆಲವೇ ದಿನ ಇದ್ದಳು, ಆದರೆ ಆ ಸಂಜೆ ಎಚ್ಚರವಾಗಿದ್ದಳು, ಮಾತಾಡುತ್ತಿದ್ದಳು. ಮಂಚದ ಒಂದು ಬದಿ ಅಪ್ಪ ಕುಳಿತಿದ್ದ. ಚಿಕ್ಕಪ್ಪ ಇನ್ನೊಂದು ಬದಿ ನಿಂತು ಅವಳ ಪಾದ ಮುಟ್ಟಿದ. ಅತ್ತೆ ಕಣ್ಣು ತೆರೆದು, ಅವನನ್ನು ನೋಡಿ, ಉಸಿರು ಎಳೆದುಕೊಂಡು ಕೇಳಿದಳು:

“ಯಾರು ಹೇಳಿದ್ರೋ ನಿನಗ?”

“ಅಣ್ಣ ಹೇಳಿದ” ಎಂದ ಚಿಕ್ಕಪ್ಪ.